ಟವೆಲ್ಲಿನ ಅಡಿಯಲ್ಲಿ ನನ್ನ ಕಾಲೇಜು

ಕಳೆದ ಭಾನುವಾರ ಬೆಳಿಗ್ಗೆ ಮೊಸರು ತೆಗೆಯಲು ಹೋದವಳು ಫ್ರಿಜ್ಜಿನ ಮುಂದೆ ಹಾಗೇ ನಿಂತುಬಿಟ್ಟೆ. ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ಅದರಲ್ಲಿ ದುಂಡಗಿನ ಅಕ್ಷರದ ಇಂಗ್ಲಿಷ್ ಪದಗಳ ಸಾಲು: ಡಿಸ್ಕರೇಜ್, ಡಿಟರ್, ಡಿಸ್ವೇಡ್, ಡಾಂಟ್, ಇಂಟಿಮಿಡೇಟ್, ಬ್ರೋಬೀಟ್, ಓವರ್‌ಪವರ್. ಕೆಳಗೊಂದು ಗೆರೆ ಎಳೆದು, ಬಾರ್ಗೇನ್, ಹ್ಯಾಗಲ್. ಪಕ್ಕದಲ್ಲಿ ಕನ್ನಡದ ಅರ್ಥ: ಎದೆಗುಂದಿಸು, ಹೆದರಿಸಿ ಹಿಂದಕ್ಕೆ ತಳ್ಳು, ಮೇಲೆ ಬಿದ್ದು ಅದುಮು, ಚೌಕಾಸಿ ಮಾಡು. ಬರೆದವಳು ನನ್ನ ತಮ್ಮನ ಮಗಳು ಸಿಂಚನ. ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಓದಲೆಂದು ಹೆಬ್ಬೂರಿನಿಂದ ಬಂದು ತುಮಕೂರಿನ ಬಟವಾಡಿಯ ನಮ್ಮ ಮನೆಯಲ್ಲಿದ್ದಾಳೆ. ಇಲ್ಲೇ ಹತ್ತಿರದ ಕೋಚಿಂಗ್ ಕ್ಲಾಸಿಗೆ ಹೋಗುತ್ತಾಳೆ.

ತುಮಕೂರಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು ನಾನು. ಕೆಂಪು ಪೆನ್ನು ಹಿಡಿದು ಬೇರೆಯವರ ಬರಹದಲ್ಲಿ ತಪ್ಪು ಹುಡುಕುವ ಚಾಳಿ ಪಿಂಚಣಿಯ ಜೊತೆಗೇ ಉಳಿದುಕೊಂಡಿದೆ. ಇಲ್ಲೇನು ತಪ್ಪಾಗಿದೆ ಎಂದು ಕನ್ನಡಕ ಏರಿಸಿಕೊಂಡು ನೋಡುತ್ತಿದ್ದೆ. ತಪ್ಪೇನೂ ಇರಲಿಲ್ಲ, ಸ್ವಲ್ಪ ಬೇಜಾರಾಯಿತು. ಅಷ್ಟರಲ್ಲಿ ತಮ್ಮನ ಫೋನು ಬಂತು.

"ಅಕ್ಕಾ, ಮಧ್ಯಾಹ್ನ ಬರ್ತೀನಿ. ಸಿಂಚನಂಗೆ ಒಂದು ಸಂಬಂಧ ಬಂದೈತೆ, ಗುಬ್ಬಿಯೋರು. ಒಳ್ಳೆ ಮನೆ. ಈ ಪೊಲೀಸು ಗಿಲೀಸು ಬೇಡ ಅಂತ ನಾವ್ ಹೇಳಿದ್ರೆ ಅವ್ಳು ಕೇಳಲ್ಲ. ನೀನ್ ಹೇಳಿದ್ರೆ ಕೇಳ್ತಾಳೆ. ಬೈಬೇಡ, ಜೋರು ಮಾಡ್ಬೇಡ. ಸುಮ್ನೆ ಮೆತ್ತಗೆ ಡಿಸ್ಕರೇಜ್ ಮಾಡಕ್ಕ."

ಮೆತ್ತಗೆ ಡಿಸ್ಕರೇಜ್ ಮಾಡಬೇಕಂತೆ! ನನ್ನ ಕಣ್ಣು ಹಾಳೆಯ ಮೊದಲ ಪದದ ಮೇಲೇ ಇತ್ತು. ನನ್ನ ತಮ್ಮ ನಾಗರಾಜ ಕೆಟ್ಟವನಲ್ಲ ಸ್ವಾಮಿ. ಹೆಬ್ಬೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾನೆ, ಮಗಳೆಂದರೆ ಪ್ರಾಣ. ಆದರೂ ಸಿಟ್ಟು ನೆತ್ತಿಗೇರಿತು. "ಊಟಕ್ಕೇ ಬಾ" ಎಂದಷ್ಟೇ ಹೇಳಿ ಫೋನಿಟ್ಟೆ. ನಾನು ಹೇಗೆ ಕಾಲೇಜು ಕಂಡೆ ಅನ್ನುವುದು ಅವನಿಗೆ ಸರಿಯಾಗಿ ಗೊತ್ತಿಲ್ಲ. ಆಗವನು ಬೀದಿಯಲ್ಲಿ ಗೋಲಿ ಆಡಿಕೊಂಡಿದ್ದ. ನಿಮಗಾದರೂ ಹೇಳುತ್ತೇನೆ, ಇವತ್ತಿನ ಸಾರು ಕುದಿಯುವವರೆಗೆ ಸಮಯವಿದೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಹ್ಯಾಗಲ್ ಎಂಬ ಪದವನ್ನು ಎಷ್ಟೋ ತರಗತಿಗಳಿಗೆ ಕಲಿಸಿದ ನನಗೆ ಚೌಕಾಸಿ ಬರುವುದಿಲ್ಲ. ಸೊಪ್ಪಿನವಳ ಹತ್ತಿರ ಒಂದು ರೂಪಾಯಿ ಇಳಿಸಲು ಹೋಗಿ ಅವಳ ಮೊಮ್ಮಗಳ ನೆಗಡಿಯ ಕತೆ ಕೇಳಿಕೊಂಡು, ಬೇಡದ ಮೆಂತ್ಯದ ಕಟ್ಟನ್ನೂ ಹೊತ್ತುಕೊಂಡು ಬರುತ್ತೇನೆ. ನಾನು ಹೋದ ಅಂಗಡಿಯಲ್ಲಿ ರೇಟು ಏರುತ್ತದೆ ಎಂದು ನಮ್ಮ ಮನೆಯವರು ನಗುತ್ತಾರೆ. ನಗಲಿ. ಆದರೆ ನಾನು ಬೆಳೆದ ಮನೆಯಲ್ಲಿ ಚೌಕಾಸಿಯನ್ನೇ ಉಂಡು ಉಟ್ಟು ಬದುಕಿದವರೊಬ್ಬರಿದ್ದರು. ಅವರು ನನ್ನ ದೊಡ್ಡಪ್ಪ.

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಕಡೆಯ ಊರು ನಮ್ಮದು. ಎಲ್ಲರಂತೆ ನಮಗೂ ಒಂದಿಷ್ಟು ರಾಗಿ ಹೊಲ, ಒಂದಿಷ್ಟು ತೆಂಗು. ಅವನ್ನು ನೋಡಿಕೊಳ್ಳುವುದು ಅಪ್ಪನ ಪಾಲಿಗೆ ಬಂದಿತ್ತು. ಅಣ್ಣನಾದ ದೊಡ್ಡಪ್ಪ ಮನೆಯ ಯಜಮಾನರು, ಜೊತೆಗೆ ದನದ ದಲ್ಲಾಳಿ. ಹೆಗಲ ಮೇಲೊಂದು ಟವೆಲ್ಲು ಹಾಕಿಕೊಂಡು ಸಂತೆಯಿಂದ ಸಂತೆಗೆ ತಿರುಗುತ್ತಿದ್ದರು. ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಎತ್ತು ಸಾಕಿದವರೆಲ್ಲ ಅವರನ್ನು ಬಲ್ಲವರೇ.

ಆ ಟವೆಲ್ಲಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನೂ ಮಾರುವವನೂ ಒಬ್ಬರ ಕೈ ಒಬ್ಬರು ಹಿಡಿದು ಮೇಲೊಂದು ಟವೆಲ್ಲು ಮುಚ್ಚಿಕೊಳ್ಳುತ್ತಿದ್ದರು. ಒಳಗೆ ಬೆರಳು ಬೆರಳನ್ನು ಅದುಮುತ್ತಿತ್ತು. ಎಷ್ಟು ಬೆರಳು ಹಿಡಿದರೋ ಅಷ್ಟು ಬೆಲೆ. ಸುತ್ತ ನಿಂತವರಿಗೆ ಕಾಣುತ್ತಿದ್ದುದು ಇಬ್ಬರ ಮುಖ ಮಾತ್ರ. ಕೊನೆಗೆ ಕೈಗಳು ಅಲುಗದೆ ನಿಂತಾಗ ದಲ್ಲಾಳಿ ಟವೆಲ್ಲಿನ ಮೇಲೆ ತನ್ನ ಅಂಗೈ ಇಟ್ಟು "ಆಯ್ತು" ಅನ್ನಬೇಕು. ಅಂದಮೇಲೆ ಮುಗಿಯಿತು. ಎಷ್ಟಕ್ಕಾಯಿತು ಎಂದು ಮೂರನೆಯವರು ಕೇಳುವಂತಿಲ್ಲ, ಆದ ಮಾತನ್ನು ಯಾರೂ ಮುರಿಯುವಂತಿಲ್ಲ. ಹಾಗೆ ಮುರಿದ ಹಳೆಯ ಗೆಳೆಯನೊಬ್ಬನ ಮನೆಯ ಮದುವೆಗೂ ದೊಡ್ಡಪ್ಪ ಹೋಗಲಿಲ್ಲ. ಹೆಂಗಸರ ಕೈ ಮಾತ್ರ ಆ ಟವೆಲ್ಲಿನೊಳಗೆ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಎತ್ತಿಗೆ ಹುಲ್ಲು ಹಾಕುವುದು, ನೀರು ಕುಡಿಸುವುದು, ಸಗಣಿ ಬಾಚುವುದು ಅವರ ಪಾಲು. ಬೆಲೆ ಗಂಡಸರ ಪಾಲು.

ದೊಡ್ಡಪ್ಪನ ಜಾಣತನ ಮಾತ್ರ ಟವೆಲ್ಲು ಮುಚ್ಚುವ ಮೊದಲೇ ಕೆಲಸ ಮುಗಿಸಿರುತ್ತಿತ್ತು. ಕೊಳ್ಳುವವನ ಪರವಾಗಿ ಹೋದಾಗ ಅವರು ಎತ್ತಿನ ಸುತ್ತ ಒಂದು ಸುತ್ತು ಬರುತ್ತಿದ್ದರು. ಮಾತಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡಿ "ಹ್ಞೂಂ" ಅನ್ನುತ್ತಿದ್ದರು. ಗೊರಸು ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಬೆನ್ನ ಮೇಲಿನ ಸುಳಿಯೊಂದನ್ನು ಸವರಿ, "ಈ ಸುಳಿ ಇರೋದ್ನ ನಿಂಗ್ಯಾರೂ ಹೇಳ್ಲೇ ಇಲ್ವೇನಪ್ಪಾ?" ಎಂದು ಬಲು ಮರುಕದಿಂದ ಕೇಳುತ್ತಿದ್ದರು. ಬೆಳಿಗ್ಗೆ ಎತ್ತಿನ ಮೈತೊಳೆದು, ಕೋಡಿಗೆ ಎಣ್ಣೆ ಹಚ್ಚಿ, ಎದೆಯುಬ್ಬಿಸಿಕೊಂಡು ಬಂದಿದ್ದವನಿಗೆ ಮಧ್ಯಾಹ್ನದ ಹೊತ್ತಿಗೆ ತನ್ನ ಎತ್ತು ಮೇಕೆಯಷ್ಟು ಕಾಣತೊಡಗುತ್ತಿತ್ತು. ಆಮೇಲೆ ಸಿಕ್ಕಿದ ಬೆಲೆಗೆ ಕೊಟ್ಟು, ಮೇಲಿಂದ ದೊಡ್ಡಪ್ಪನಿಗೆ ಕೈಮುಗಿದು ಹೋಗುತ್ತಿದ್ದ.

ನಾನು ಎಸ್ಸೆಸ್ಸೆಲ್ಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದೆ. ತುಮಕೂರಿನಲ್ಲಿ ಹಾಸ್ಟೆಲ್ಲಿಗೆ ಸೇರಿ ಕಾಲೇಜು ಓದುತ್ತೇನೆ ಎಂದೆ. ನಮ್ಮೂರಿನ ಹೆಣ್ಣುಮಕ್ಕಳಲ್ಲಿ ಯಾರೂ ಅಲ್ಲಿಯವರೆಗೆ ಆ ಮಾತು ಆಡಿರಲಿಲ್ಲ. ಜಗುಲಿಯ ಮೇಲೆ ಕುಳಿತಿದ್ದ ದೊಡ್ಡಪ್ಪ ಎದ್ದು ನನ್ನ ಸುತ್ತ ಒಂದು ಸುತ್ತು ಬಂದಂತೆ ನನಗೆ ಅನ್ನಿಸಿತು. ಅವರು ಕುಳಿತಲ್ಲಿಂದ ಅಲುಗಿರಲೇ ಇಲ್ಲ.

"ಮೈಯಾಗೇನೈತೆ ಅಂತ ತುಮಕೂರ್ಗೆ ಹೋಯ್ತೀಯವ್ವ? ಒಂದ್ ಮಳೆಗೆ ನೆಂದ್ರೆ ವಾರ ಮಲಗ್ತೀಯ" ಎಂದು ಒಂದು ದಿನ. "ಹಾಸ್ಟೆಲ್ ಮುದ್ದೆ ನೋಡಿದ್ದೀಯಾ? ಕೈಯಾಗೆ ಹಿಡ್ಕಂಡ್ರೆ ಸುರೀತದೆ" ಎಂದು ಇನ್ನೊಂದು ದಿನ. "ಅಲ್ಲಿ ಎಲ್ಲಾ ಇಂಗ್ಲಿಷ್‌ನಾಗೆ ಮಾಡ್ತಾರೆ ಕಣವ್ವ. ನೀನೋ ಕನ್ನಡ ಮೀಡಿಯಮ್ಮು. ಹಿಂದಿನ ಬೆಂಚ್ನಾಗೆ ಕುಂತು ಅತ್ಕಂಡು ವಾಪಸ್ ಬತ್ತೀಯ, ಅಷ್ಟೇಯ" ಎಂದು ಮತ್ತೊಂದು ದಿನ.

ಒಂದು ಸಲವೂ ದನಿ ಏರಿಸಲಿಲ್ಲ. ಬೈದಿದ್ದರೆ ನಾನೂ ತಿರುಗಿಬೀಳುತ್ತಿದ್ದೆ, ನನ್ನ ಬಾಯಿ ಆಗಲೂ ಸಣ್ಣದಿರಲಿಲ್ಲ. ಆದರೆ ಮರುಕಕ್ಕೆ ತಿರುಗಿಬೀಳುವುದು ಹೇಗೆ? ಅವರು ಬೇಡ ಅನ್ನಲೇ ಇಲ್ಲವಲ್ಲ. ನಾನೇ ಬೇಡ ಅನ್ನುವವರೆಗೆ ಕಾದರು. ಕನ್ನಡಿ ನೋಡಿಕೊಂಡರೆ ನನ್ನ ಕೈಕಾಲು ನಿಜಕ್ಕೂ ಸಣಕಲಾಗಿ ಕಂಡವು. ಇಂಗ್ಲಿಷ್ ಪುಸ್ತಕ ತೆರೆದರೆ ಬರುತ್ತಿದ್ದ ಪಾಠವೂ ಬರಲಿಲ್ಲ. ಯಾರನ್ನಾದರೂ ಹೊಡೆದು ಕೆಡವುವುದಕ್ಕಿಂತ ಹೀಗೆ ಒಳಗಿನಿಂದ ಕರಗಿಸುವುದು ಸುಲಭ, ಕೈಗೆ ಮಣ್ಣೂ ಮೆತ್ತುವುದಿಲ್ಲ. ಇದನ್ನು ಈ ವಯಸ್ಸಿನಲ್ಲಿ ನೆನೆದರೂ ನನಗೆ ಮೈ ಉರಿಯುತ್ತದೆ.

ನನ್ನನ್ನು ಹೀಗೆ ಕರಗಿಸುತ್ತಲೇ ಅಪ್ಪನಿಗೆ ಬೇರೆ ಮದ್ದು. ನಾಲ್ಕು ಜನರೆದುರು ತಟ್ಟನೆ ತಿರುಗಿ, "ಏನ್ಲಾ, ನೀನೇನಂತೀಯಾ?" ಎಂದು ಕೇಳುತ್ತಿದ್ದರು. ಅಪ್ಪ ಅಣ್ಣನೆದುರು ಕುಳಿತು ಮಾತಾಡಿದವನೇ ಅಲ್ಲ. "ನೀನ್ ಹೇಳ್ದಂಗೆ ಅಣ್ಣಯ್ಯ" ಎಂದು ನೆಲ ನೋಡುತ್ತಿದ್ದ. ಅಡುಗೆಮನೆಯಲ್ಲಿ ಅಮ್ಮ ಪಾತ್ರೆಗಳ ಸದ್ದು ಜೋರು ಮಾಡುತ್ತಿದ್ದಳು. ಅವಳ ಅಭಿಪ್ರಾಯಕ್ಕೆ ಆ ಮನೆಯಲ್ಲಿ ಇದ್ದ ಭಾಷೆ ಅದೊಂದೇ.

ಇನ್ನು ದೊಡ್ಡಮ್ಮ, ಅಂದರೆ ದೊಡ್ಡಪ್ಪನ ಹೆಂಡತಿ. ಕುಣಿಗಲ್ ಕಡೆಯ ಹೆಣ್ಣು. ಎತ್ತರದ ಆಳು, ಎಲೆಯಡಿಕೆಯ ಬಾಯಿ. ಗಂಡನ ವ್ಯಾಪಾರದ ಕತೆಗಳನ್ನು ದಿನಾ ಊಟ ಬಡಿಸುತ್ತಾ ಕೇಳಿಸಿಕೊಂಡವಳು. ನನ್ನ ವಿಷಯಕ್ಕೆ ಅವಳು ಒಂದು ಮಾತನ್ನೂ ಆಡಿರಲಿಲ್ಲ. ಅವಳೂ ಗಂಡನ ಕಡೆಯೇ ಎಂದು ನಾನು ಮನಸ್ಸಿನಲ್ಲೇ ಮುನಿಸಿಕೊಂಡು ಅವಳ ತಲೆಗೆ ಎಣ್ಣೆ ಹಚ್ಚುವುದನ್ನೂ ನಿಲ್ಲಿಸಿದ್ದೆ.

ಅದೊಂದು ಸಂಜೆ ದೊಡ್ಡಪ್ಪ ಸಂತೆಯಿಂದ ಬಂದರು. ಟವೆಲ್ಲನ್ನು ಕಂಬದ ಮೊಳೆಗೆ ಹಾಕಿ, ಕಾಲು ತೊಳೆದು, ಜಗುಲಿಯ ಮೇಲೆ ಕುಳಿತರು. ಅಪ್ಪನೂ ಇದ್ದ, ಪಕ್ಕದ ಮನೆಯವರೂ ಒಂದಿಬ್ಬರು ಮಾತಿಗೆ ಬಂದಿದ್ದರು. "ಆಯ್ತಪ್ಪ, ಎಸ್ಸೆಸ್ಸೆಲ್ಸಿ ಸಾಕು. ಮಗೀನೂ ಸುಮ್ಕಾಗವ್ಳೆ. ಬರೋ ವರ್ಷ ಗಂಡು ನೋಡಾನ" ಎಂದು ದೊಡ್ಡಪ್ಪ ಮಾತು ಮುಗಿಸಿದರು. ಬಾಗಿಲ ಹಿಂದೆ ನಿಂತಿದ್ದ ನಾನು ನಿಜಕ್ಕೂ ಸುಮ್ಮನಾಗಿದ್ದೆ, ಅದೇ ದುಃಖ.

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಳಗಿಂದ ಬಂದಳು. ನೇರ ಕಂಬದ ಹತ್ತಿರ ಹೋಗಿ ಮೊಳೆಯಲ್ಲಿದ್ದ ಟವೆಲ್ಲು ತೆಗೆದಳು. ಅಪ್ಪನ ಎದುರು ಕುಳಿತು, ಬಲಗೈ ಮುಂದೆ ಚಾಚಿ, ಮೇಲೆ ಟವೆಲ್ಲು ಮುಚ್ಚಿದಳು.

"ಬಾ ತಮ್ಮಯ್ಯ, ಕೈ ಕೊಡು. ಮಗಳು ನಿಂದು, ಕೇಳೋಳು ನಾನು. ಎಷ್ಟು ವರ್ಷ ಓದಿಸ್ತೀಯ ಅಂತ ಇಲ್ಲೇ ಯಾಪಾರ ಆಗೋಗ್ಲಿ."

ದೊಡ್ಡಪ್ಪ ಎದ್ದೇ ನಿಂತರು. "ಏನೇ ಇದು? ತಲೆ ನೆಟ್ಟಗೈತಾ ನಿಂಗೆ? ಹೆಂಗಸ್ರು ಟವೆಲ್ಗೆ ಕೈ ಹಾಕ್ತಾರೇನೇ?"

"ನಿಮ್ಮ ಟವೆಲ್ನ ದಿನಾ ಒಗಿಯೋಳು ನಾನೇಯ" ಎಂದಳು ದೊಡ್ಡಮ್ಮ, ಅವರ ಕಡೆ ತಿರುಗದೆ. "ಒಗ್ಯಾಕೆ ಆಗೋ ಕೈ ಒಳಿಕ್ಕೆ ಹೋಗಾಕೆ ಯಾಕಾಗಲ್ಲ?"

ಪಕ್ಕದ ಮನೆಯವರು ಕೆಮ್ಮಿದರು. ಅಪ್ಪ ಅಣ್ಣನನ್ನು ನೋಡಿದ, ಅತ್ತಿಗೆಯನ್ನು ನೋಡಿದ, ನಾನಿದ್ದ ಬಾಗಿಲನ್ನೂ ಒಮ್ಮೆ ನೋಡಿದ. ಆಮೇಲೆ ಟವೆಲ್ಲಿನ ಒಳಗೆ ಕೈ ಇಟ್ಟ.

ಆ ವ್ಯಾಪಾರವನ್ನು ನೀವು ನೋಡಬೇಕಿತ್ತು. ಟವೆಲ್ಲು ಅತ್ತ ಉಬ್ಬಿತು, ಇತ್ತ ಉಬ್ಬಿತು. ದೊಡ್ಡಮ್ಮ ತಲೆ ಅಲ್ಲಾಡಿಸಿದಳು, "ಇಷ್ಟೇನಾ? ಹೋಗಪ್ಪ" ಎಂದಳು. ಅಪ್ಪ ಹಲ್ಲು ಕಚ್ಚಿ ಮುಖ ಗಂಟಿಕ್ಕಿದ. ಒಮ್ಮೆಯಂತೂ ದೊಡ್ಡಮ್ಮ ಕೈ ಕಿತ್ತುಕೊಂಡು ಎದ್ದು ಕೊಟ್ಟಿಗೆಯವರೆಗೆ ನಡೆದೇಬಿಟ್ಟಳು, ಸಂತೆಯಲ್ಲಿ ಸಿಟ್ಟಾದ ಗಿರಾಕಿ ಹೋಗುವ ಹಾಗೆ. ಅಪ್ಪ "ಬಾ ಅತ್ತಿಗಮ್ಮ, ಬಾ ಬಾ" ಎಂದು ಕರೆದ. ಮತ್ತೆ ಬಂದು ಕುಳಿತಳು.

ಇಷ್ಟರಲ್ಲಿ ದೊಡ್ಡಪ್ಪನಿಗೆ ಏನೋ ಆಗತೊಡಗಿತ್ತು. ಮೊದಲು ಮುಖ ತಿರುಗಿಸಿ ನಿಂತರು. ಆಮೇಲೆ ಓರೆಗಣ್ಣಲ್ಲಿ ನೋಡಿದರು. ಆಮೇಲೆ ಹತ್ತಿರ ಬಂದು ಟವೆಲ್ಲಿನ ಮೇಲೆ ಬಾಗಿದರು. ಜೀವಮಾನವೆಲ್ಲ ಮಾಡಿದ ಕಸುಬು ಸುಮ್ಮನಿರಗೊಡಲಿಲ್ಲ. "ಲೇ, ಬುಡಬ್ಯಾಡ ಕಣ್ಲಾ, ಗಟ್ಟಿಯಾಗಿ ಹಿಡ್ಕ" ಎಂದು ತಮ್ಮನಿಗೆ ಹುರುಪು ತುಂಬಿದರು. "ಅವಳೂ ಬುಡೋಳಲ್ಲ, ಕುಣಿಗಲ್ನೋಳು" ಎಂದು ಹೆಂಡತಿಯ ಬಗ್ಗೆ ಅವರಿಗೇ ಗೊತ್ತಿಲ್ಲದೆ ಹೆಮ್ಮೆಪಟ್ಟರು. ಯಾವುದರ ಮೇಲೆ ವ್ಯಾಪಾರ ನಡೆಯುತ್ತಿದೆ ಎಂಬುದೇ ಅವರಿಗೆ ಮರೆತುಹೋಗಿತ್ತು.

ಕೈಗಳು ನಿಂತವು. ನಿಂತ ಕೂಡಲೇ ದೊಡ್ಡಪ್ಪನ ಅಂಗೈ ತಾನಾಗಿ ಹೋಗಿ ಟವೆಲ್ಲಿನ ಮೇಲೆ ಕುಳಿತಿತು.

"ಆಯ್ತು!" ಎಂದರು.

ಅಂದಮೇಲೆ ಅವರಿಗೆ ಎಚ್ಚರವಾಯಿತು. ಬಾಯಿ ತೆರೆದರು. ಎಷ್ಟ್ಲಾ ಎಂಬ ಮಾತು ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಅದನ್ನು ಕೇಳುವಂತಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವರೇ ಅವರು. ಪಕ್ಕದ ಮನೆಯವರು ಸಾಕ್ಷಿಗೆ ಕುಳಿತಿದ್ದರು. ದೊಡ್ಡಪ್ಪ ಬಾಯಿ ಮುಚ್ಚಿಕೊಂಡರು. ದೊಡ್ಡಮ್ಮ ಟವೆಲ್ಲು ಕೊಡವಿ, ಮಡಿಸಿ, ಗಂಡನ ಹೆಗಲಿಗೇ ಹಾಕಿ, "ಮುದ್ದೆ ಆರ್ತದೆ, ಏಳ್ರಿ" ಎಂದು ಒಳಗೆ ಹೋದಳು.

ಹೀಗೆ ನಾನು ತುಮಕೂರಿಗೆ ಬಂದೆ. ಒಂದು ಮಾತು ಹೇಳಲೇಬೇಕು, ದೊಡ್ಡಪ್ಪ ತೋರಿಸಿದ್ದ ಕುಂದುಗಳೆಲ್ಲ ನಿಜವೇ ಆಗಿದ್ದವು. ಮೊದಲ ಮಳೆಗೇ ಜ್ವರ ಬಂದು ಮಲಗಿದೆ. ಹಾಸ್ಟೆಲ್ಲಿನ ಮುದ್ದೆ ಕೈಯಿಂದ ಸುರಿಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕುಳಿತು ಅತ್ತದ್ದೂ ನಿಜ. ಮೇಷ್ಟರು ಇಂಗ್ಲಿಷಿನಲ್ಲಿ ಹೆಸರು ಕೇಳಿದರೆ ನಾನು ಊರಿನ ಹೆಸರು ಹೇಳಿ ತರಗತಿಯನ್ನೆಲ್ಲ ನಗಿಸಿದ್ದೆ. ಆದರೆ ಅತ್ತವರು ವಾಪಸು ಹೋಗಲೇಬೇಕು ಎಂದು ಯಾರು ಹೇಳಿದ್ದು? ಅಳುತ್ತಲೇ ಕುಳಿತೆ, ಕುಳಿತೇ ಕಲಿತೆ. ಎದೆಗುಂದಿಸುವವರು ಸುಳ್ಳು ಹೇಳುತ್ತಾರೆ ಎಂದು ನಾವು ತಿಳಿದುಕೊಳ್ಳುತ್ತೇವೆ. ಸುಳ್ಳು ಹೇಳುವುದಿಲ್ಲ, ಅರ್ಧ ಹೇಳುತ್ತಾರೆ. ಉಳಿದ ಅರ್ಧವನ್ನು ನಾವೇ ಹೋಗಿ ನೋಡಿಕೊಂಡು ಬರಬೇಕು.

ಪಿಯುಸಿ ಮುಗಿದ ರಜೆಯಲ್ಲಿ ದೊಡ್ಡಪ್ಪ ಅಪ್ಪನನ್ನು ಮೆಲ್ಲಗೆ ಕೇಳಿದರು, "ಏನ್ಲಾ, ಮುಗೀತಾ?" ಅಪ್ಪ, "ಇನ್ನೂ ಐತೆ ಅಣ್ಣಯ್ಯ" ಎಂದ. ಬಿ.ಎ. ಮುಗಿದಾಗ ಮತ್ತೆ, "ಈಗ್ಲಾದ್ರೂ ಮುಗೀತಾ?" "ಇನ್ನೂ ಐತೆ ಅಣ್ಣಯ್ಯ." ದೊಡ್ಡಪ್ಪ ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಒಂದ್ ಕೈಯಾಗೆ ಮುಗೀದಂತಾ ಯಾಪಾರ ಅದ್ಯಾವ್ದೋ ಮಾಡವ್ರಪ್ಪ" ಎಂದು ಗೊಣಗಿದರು. ನಾನು ಎಂ.ಎ. ಓದಲು ಮೈಸೂರಿಗೆ ಹೊರಟಾಗ ನೆಂಟರು ಬಂದು ಮೂಗು ಮುರಿದರೆ, ಅವರ ಬಾಯಿ ಮುಚ್ಚಿಸಿದವರೂ ದೊಡ್ಡಪ್ಪನೇ. "ಅದು ಟವೆಲ್ ಅಡಿ ಆಗಿರೋ ಮಾತು. ನಾನೇ ಕೈ ಇಟ್ಟಿವ್ನಿ. ಸುಮ್ಕೆ ಕಾಪಿ ಕುಡ್ದು ಹೋಗ್ರಿ" ಎನ್ನುತ್ತಿದ್ದರು. ಅಷ್ಟರ ಮಟ್ಟಿಗೆ ಆ ಮನುಷ್ಯ ದೊಡ್ಡವರು, ಅದನ್ನು ನಾನು ಯಾವತ್ತೂ ಇಲ್ಲವೆನ್ನುವುದಿಲ್ಲ.

ಟವೆಲ್ಲಿನ ಒಳಗೆ ಎಷ್ಟು ಬೆರಳಿಗೆ ಮಾತಾಯಿತು ಎಂಬುದು ನನಗೂ ಗೊತ್ತಿರಲಿಲ್ಲ. ಕೆಲಸ ಸಿಕ್ಕಿದ ಮೇಲೆ ಒಂದು ಸಲ ದೊಡ್ಡಮ್ಮನನ್ನು ಅವಳ ತವರಿಗೆ ಕರೆದುಕೊಂಡು ಹೋಗುತ್ತಿದ್ದೆ. ತುಮಕೂರಿನಿಂದ ಕುಣಿಗಲ್ ಬಸ್ಸು. ನನ್ನ ಸಂಬಳದಲ್ಲಿ ಕೊಡಿಸಿದ ಸೀರೆ ಉಟ್ಟು ಕಿಟಕಿಯ ಪಕ್ಕ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದಳು. ಅವಳು ಖುಷಿಯಲ್ಲಿದ್ದದ್ದು ನೋಡಿ ಕೇಳಿಯೇಬಿಟ್ಟೆ.

"ದೊಡ್ಡಮ್ಮ, ಆವತ್ತು ಎಷ್ಟು ಬೆರಳಿಗೆ ಒಪ್ಪಿಸಿದೆ ಅಪ್ಪನ್ನ?"

ಅವಳು ನಕ್ಕಳು. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕಳು. "ಒಪ್ಸೋದೇನ್ ಬಂತೇ? ನಿಮ್ಮಪ್ಪ ಕೈ ಇಟ್ಟೇಟ್ಗೇ ಅಂಗೈ ಪೂರಾ ಬುಟ್ಟ ಕಣೇ. ಎಷ್ಟಾದ್ರೂ ತಗೋ ಅನ್ನಂಗೆ."

"ಮತ್ತೆ ಅಷ್ಟೊತ್ತು ಎಳೆದಾಡಿದಿರಿ?"

"ಬಿಟ್ಟಿ ಒಪ್ಕಂಡ್ರೆ ನಿಮ್ಮ ದೊಡ್ಡಪ್ಪ ನಂಬ್ತಿದ್ರಾ? ಅವ್ರು ಬಂದು ಕೈ ಇಡಬೇಕಿತ್ತಲ್ಲ. ಅವ್ರು ಬಗ್ಗಿ ನೋಡಗಂಟ ಎಳುದ್ವಿ."

ನಾನೂ ನಕ್ಕೆ. ಹೆಬ್ಬೂರು ಬರುವವರೆಗೂ ನಗುತ್ತಲೇ ಇದ್ದೆ. ಅಲ್ಲಿ ಬಸ್ಸು ನಿಂತಿತು, ಹಾಲಿನ ಕ್ಯಾನು ಇಳಿಸಿದರು, ಜನ ಹತ್ತಿದರು. ಬಸ್ಸು ಮತ್ತೆ ಹೊರಡುವಷ್ಟರಲ್ಲಿ ನನ್ನ ನಗು ನಿಂತುಹೋಗಿತ್ತು. ಬಂದದ್ದು ಅಳುವಲ್ಲ, ಸಿಟ್ಟು. ಅಪ್ಪನಿಗೆ ನನ್ನ ಓದು ಬೇಕಿತ್ತು. ಮೊದಲಿನಿಂದಲೂ ಬೇಕಿತ್ತು. ನಾನು ದಿನದಿನಕ್ಕೂ ಕುಗ್ಗುತ್ತಾ ಮಾರ್ಕ್ಸ್ ಕಾರ್ಡನ್ನು ಟ್ರಂಕಿನ ತಳಕ್ಕೆ ಹಾಕಿದ ದಿನವೂ ಅವನ ಒಳಗೆ ಆ ಹೌದು ಇತ್ತು. ಒಂದು ಸಲ ಬಾಯಿ ಬಿಟ್ಟು ಅಂದಿದ್ದರೆ!

"ಯಾಕೆ ಮುಖ ಊದಿಸ್ಕಂಡೆ?" ಎಂದಳು ದೊಡ್ಡಮ್ಮ.

"ಎಲ್ಲರ ಮುಂದೆ ಹೇಳ್ಬೋದಿತ್ತಲ್ಲ ದೊಡ್ಡಮ್ಮ, ಅಪ್ಪ?"

ಅವಳು ಸಿಪ್ಪೆಯನ್ನು ಕಿಟಕಿಯಾಚೆ ಎಸೆದಳು. "ಹೇಳ್ಬೋದಿತ್ತು, ಹೇಳ್ಲಿಲ್ಲ. ನಾನಿದ್ದೆ, ನಡೀತು. ಎಲ್ಲಾರ ಮನೇಲೂ ನಾನಿರ್ತೀನಾ?" ಎಂದಳು.

ಅಪ್ಪನನ್ನೂ ಒಮ್ಮೆ ಕೇಳಿದೆ. "ಅಣ್ಣಯ್ಯ ಬೇಜಾರ್ ಮಾಡ್ಕಂತಿದ್ದ ಕಣವ್ವ" ಎಂದ. ಅಷ್ಟೇ. ಅಪ್ಪನನ್ನು ನಾನು ಬಹಳ ಪ್ರೀತಿಸುತ್ತಿದ್ದೆ, ಈಗಲೂ ಅವನ ಹೆಸರೆತ್ತಿದರೆ ಕಣ್ಣು ತುಂಬುತ್ತದೆ. ಆ ಒಂದು ಉತ್ತರವನ್ನು ಮಾತ್ರ ಇವತ್ತಿಗೂ ಒಪ್ಪಿಕೊಂಡಿಲ್ಲ. ಒಪ್ಪಿಕೊಳ್ಳುವುದೂ ಇಲ್ಲ. ಎದುರಿಗೆ ನಿಂತು ಬೇಡ ಅನ್ನುವವರ ಜೊತೆ ಜಗಳವಾಡಬಹುದು. ಒಳಗೊಳಗೇ ಬೇಕು ಅಂದುಕೊಂಡು ಸುಮ್ಮನೆ ಕೂತವರ ಜೊತೆ ಏನು ಮಾಡುವುದು?

ಆ ಭಾನುವಾರ ನಾಗರಾಜ ಮಧ್ಯಾಹ್ನ ಬಂದ. ಎಳನೀರು, ತೆಂಗಿನಕಾಯಿ, ಅವನ ಹೆಂಡತಿ ಕಳಿಸಿದ ಚಟ್ನಿಪುಡಿ ಎಲ್ಲ ತಂದಿದ್ದ. ಸಿಂಚನ ಕ್ಲಾಸಿನ ಟೆಸ್ಟು ಮುಗಿಸಿ ಬಂದಿದ್ದಳು. ನಮ್ಮ ಮನೆಯವರು ಊರಲ್ಲಿರಲಿಲ್ಲ, ಮೂವರೂ ಊಟಕ್ಕೆ ಕುಳಿತೆವು. ಮುದ್ದೆ, ಹುರುಳಿ ಸಾರು. ಮಗಳನ್ನು ಒಳಗೆ ಕಳಿಸು ಎಂದು ಅವನು ಕಣ್ಣಿನಲ್ಲೇ ನನಗೆ ಸನ್ನೆ ಮಾಡಿದ. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟೆ.

"ಸಿಂಚನ, ನಿಮ್ಮಪ್ಪ ನಿನಗೇನೋ ಹೇಳ್ಬೇಕಂತೆ. ನನ್ನ ಕೈಲಿ ಹೇಳಿಸೋಣ ಅಂತಿದ್ದ. ನಾನು ಹೇಳಲ್ಲ."

"ಏನಕ್ಕಾ ನೀನು..." ಎಂದ ಅವನು. ಬೇರೆ ದಾರಿ ಇಲ್ಲದೆ ಮಗಳ ಕಡೆ ತಿರುಗಿದ. "ಅಲ್ಲ ಪುಟ್ಟಾ, ಬಿಸಿಲಲ್ಲಿ ಓಡೋದು, ಎದ್ದು ಬಿದ್ದು ಡ್ಯೂಟಿ ಮಾಡೋದು, ಕಳ್ರು ಕಾಕ್ರು. ನಿಂಗೆ ಮಂಡಿನೋವು ಬೇರೆ. ಆ ಟ್ರೈನಿಂಗ್ ತಡ್ಕಂತೀಯಾ? ನಿಂಗ್ಯಾಕೆ ಕಷ್ಟ ಅಂತ ಅಷ್ಟೇ..."

ಎಂಥ ಮರುಕ ಆ ದನಿಯಲ್ಲಿ! ಮಾತು ಮುಂದುವರಿದಂತೆ ಹುಡುಗಿ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡಳು, ಮಂಡಿಯನ್ನು ಬಚ್ಚಿಡುವವಳಂತೆ. ಆ ಎಳೆದುಕೊಳ್ಳುವುದು ನನಗೆ ಚೆನ್ನಾಗಿ ಗೊತ್ತು.

"ನಿಲ್ಸು" ಎಂದೆ. "ಸಾಕು ಅವಳ ಸುತ್ತ ಸುತ್ತು ಹಾಕಿದ್ದು. ನೀನು ಅವಳನ್ನ ಸಂತೇಲಿ ನೋಡ್ತಿಲ್ಲ."

ಅವನು ತಬ್ಬಿಬ್ಬಾದ. ಮುದ್ದೆ ಮುರಿದ. ಆಮೇಲೆ, "ಸರಿ ಬಿಡಕ್ಕ. ಒಂದ್ ಸಲ ಬರೀಲಿ. ಆಗ್ಲಿಲ್ಲ ಅಂದ್ರೆ ಮದುವೆ" ಎಂದು ನನ್ನ ಮುಖ ನೋಡಿದ. ನಾನು ಎರಡು ಸಲ ಅನ್ನಲಿ ಎಂದು ಕಾಯುತ್ತಿದ್ದ. ಆಮೇಲೆ ಅವನು ಒಂದೂವರೆಗೆ ಬರುತ್ತಿದ್ದನೋ ಏನೋ. ನಾನು ಎರಡು ಅನ್ನಲಿಲ್ಲ.

"ನಾಗ, ಒಂದು ಕೇಳ್ತೀನಿ, ನಿಜ ಹೇಳು. ಅವಳು ಇನ್‌ಸ್ಪೆಕ್ಟರ್ ಆಗೋದು ನಿನಗೆ ಇಷ್ಟನೋ ಇಲ್ವೋ?"

"ಇಷ್ಟ ಇಲ್ಲ ಅಂತ ಯಾರಂದ್ರು?" ಎಂದ ಥಟ್ಟನೆ, ಸಿಟ್ಟಿನಿಂದಲೇ. "ಕಾಲೇಜಲ್ಲಿ ರನ್ನಿಂಗ್ ರೇಸು ಗೆದ್ದಾಗ ಅಂಗಡಿಗೆ ಬಂದೋರಿಗೆಲ್ಲ ಫೋಟೋ ತೋರ್ಸಿದೀನಿ ನಾನು. ಆದ್ರೆ ಗುಬ್ಬಿಯೋರು ಏನಂತಾರೆ? ನೆಂಟ್ರಿಗೆ ಏನ್ ಹೇಳ್ಲಿ?"

ಸಿಂಚನ ತಲೆ ಎತ್ತಿ ಅಪ್ಪನನ್ನು ನೋಡಿದಳು. ಫೋಟೋದ ವಿಷಯ ಅವಳಿಗೆ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

"ಹಂಗಾದ್ರೆ ಅದನ್ನೇ ಹೇಳು" ಎಂದೆ.

"ಓದ್ಲಿ ಬಿಡು" ಎಂದ ಅವನು ತಟ್ಟೆಗೆ.

"ಕೇಳಿಸ್ಲಿಲ್ಲ ಅಪ್ಪ" ಎಂದಳು ಸಿಂಚನ. "ಏನಂದೆ?"

ಅವನು ಮಗಳ ಮುಖ ನೋಡಿದ. "ಓದು. ಆಗೋವರ್ಗೂ ಓದು" ಎಂದ.

ನಾನು ಕೈ ತೊಳೆದು ಬಂದು, ಟಿ.ವಿ. ಪಕ್ಕ ಇಟ್ಟಿದ್ದ ಅವನ ಫೋನನ್ನು ತಂದು ಅವನ ತಟ್ಟೆಯ ಹತ್ತಿರ ಇಟ್ಟೆ. "ಈಗ ಗುಬ್ಬಿಯೋರಿಗೆ ಮಾಡು. ಸ್ಪೀಕರ್ ಹಾಕು."

"ಊಟ ಮುಗೀಲಿ ಅಕ್ಕ."

"ಸಾರು ಬಿಸಿ ಮಾಡ್ಕೊಡ್ತೀನಿ. ಮಾಡು."

ಎಡಗೈಯಲ್ಲಿ ನಂಬರು ಒತ್ತಿದ. ಆ ಕಡೆಯಿಂದ ಗಂಡಿನ ತಂದೆಯ ದನಿ ನಮ್ಮ ಹಾಲಿನ ತುಂಬ ಕೇಳಿಸಿತು. ಕುಶಲ ವಿಚಾರಿಸಿ, ಯಾವತ್ತು ಹುಡುಗಿ ನೋಡಲು ಬರೋಣ ಎಂದು ಕೇಳಿದರು. ನಾಗರಾಜ ಒಮ್ಮೆ ಗಂಟಲು ಸರಿಮಾಡಿಕೊಂಡ.

"ಇಲ್ಲ ಸಾರ್, ಈಗ ಬೇಡ. ಮಗಳು ಪೊಲೀಸ್ ಪರೀಕ್ಷೆಗೆ ಓದ್ತಾವ್ಳೆ."

"ಓ, ಹುಡುಗೀದು ಹಟವಾ? ಈಗಿನ ಮಕ್ಳೇ ಹಂಗೆ. ಅವರತ್ತೆ ಮೇಡಂ ಅಲ್ವಾ, ಅವರೇನಾದ್ರೂ ತಲೆಗೆ ತುಂಬಿದ್ರಾ?"

ತಪ್ಪಿಸಿಕೊಳ್ಳಲು ಅವನಿಗೆ ಅದಕ್ಕಿಂತ ಒಳ್ಳೆಯ ದಾರಿ ಸಿಗುತ್ತಿರಲಿಲ್ಲ. ಹೌದು ಅಂದಿದ್ದರೆ ಮುಗಿಯುತ್ತಿತ್ತು, ನಾನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

"ಯಾರೂ ತುಂಬಿಲ್ಲ ಸಾರ್" ಎಂದ ನನ್ನ ತಮ್ಮ, ಎದುರು ಮನೆಗೂ ಕೇಳುವ ಹಾಗೆ. "ನಂಗೇ ಇಷ್ಟ. ಇದು ನನ್ನ ಮಾತು."